ಕ್ಲಚ್ ಹೋಗಿದೆ ಅಂದ್ರು, ಹೋಗಿದ್ದು ಒಂದು ಪಿನ್: ಹಳೇ ಎಂಜಿಬಿ ಕಾರಿನ ಆಡಿಟ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಆಫೀಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೆಲಸ ಮಾಡೋ ಹಾಗೆ ನಟಿಸ್ತಿರೋರು, ಎಲ್ಲರಿಗೂ ಸ್ವಾಗತ. ಸಾಮಾನ್ಯವಾಗಿ ಇಲ್ಲಿ ತೆರಿಗೆ, ಇಎಂಐ, ಸಂಬಳದ ಸ್ಲಿಪ್ಪು ಅಂತ ಮಾತಾಡ್ತೀನಿ. ಇವತ್ತು ಒಂದು ಕಾರಿನ ಕ್ಲಚ್ ಬಗ್ಗೆ. ಬಿ.ಕಾಂ. ಓದಿದವಳಿಗೆ ಕ್ಲಚ್ ಯಾಕೆ ಅಂತ ಕೇಳಬೇಡಿ. ಕೊನೆಗೆ ಆ ಕ್ಲಚ್ಚನ್ನ ಸರಿ ಮಾಡಿದ್ದು ಡೆಬಿಟ್ಟು ಕ್ರೆಡಿಟ್ಟೇ.

ನನ್ನ ಸೋದರಮಾವ ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಇದ್ದಾರೆ. ಹಾಸನದ ಕಡೆಯವರು. ಡಾಕ್ಟರಾಗಿ ಅಲ್ಲಿಗೆ ಹೋದವರು ಅಲ್ಲೇ ನಿವೃತ್ತರಾದರು. ಈಗ 72 ವರ್ಷ. ಅವರ ಗ್ಯಾರೇಜಲ್ಲಿ 1971ರ ಒಂದು ಎಂಜಿಬಿ ರೋಡ್‌ಸ್ಟರ್ ಇದೆ. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ಕಡು ಹಸಿರು ಬಣ್ಣ. ಹೋದ ವರ್ಷ ರಜಕ್ಕೆ ಅಂತ ಅಲ್ಲಿಗೆ ಹೋದಾಗ ಕಾರಿನ ಮೇಲೆ ಕವರ್ ಇತ್ತು, ಕವರ್ ಮೇಲೆ ಧೂಳು ಇತ್ತು. "ಮಾವ, ಒಂದು ರೌಂಡು ಕರ್ಕೊಂಡು ಹೋಗ್ರಿ" ಅಂದೆ. "ಅದನ್ನ ಮಾರ್ತಿದ್ದೀನಿ ಪುಟ್ಟಿ" ಅಂದ್ರು.

ವಿಷಯ ಇಷ್ಟು. ಎರಡು ತಿಂಗಳ ಹಿಂದೆ ಒಂದು ಜೀಬ್ರಾ ಕ್ರಾಸಿಂಗಲ್ಲಿ ಕಾರು ನಿಲ್ಲಿಸಿದ್ದಾರೆ. ಫಸ್ಟ್ ಗೇರಲ್ಲಿದೆ, ಕ್ಲಚ್ ಪೂರ್ತಿ ಒತ್ತಿದ್ದಾರೆ. ಮುಂದೆ ಒಬ್ಬ ಅಜ್ಜಿ ರಸ್ತೆ ದಾಟ್ತಿದ್ದಾರೆ. ಕಾರು ತಾನಾಗೇ ಮುಂದಕ್ಕೆ ತೆವಳೋಕೆ ಶುರು ಮಾಡ್ತು. ಮಾವ ಬ್ರೇಕ್ ಗಟ್ಟಿಯಾಗಿ ಒತ್ತಿದ್ರು, ಎಂಜಿನ್ ಆಫ್ ಆಯ್ತು, ಯಾರಿಗೂ ಏನೂ ಆಗಲಿಲ್ಲ. ಆದ್ರೆ ಅವರು ಮನೆಗೆ ಬಂದು ಕವರ್ ಹಾಕಿದವರು ಮತ್ತೆ ತೆಗೀಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಅವರ ಎಡಗಾಲಿನ ಮಂಡಿಗೆ ಆಪರೇಷನ್ ಆಗಿತ್ತು. "ನನ್ನ ಕಾಲಿಗೆ ಕ್ಲಚ್ ಪೂರ್ತಿ ಒತ್ತೋ ಶಕ್ತಿ ಇಲ್ಲ. ವಯಸ್ಸಾಯ್ತು, ಒಪ್ಪಿಕೋಬೇಕು" ಅಂತ ತಾವೇ ತೀರ್ಪು ಕೊಟ್ಟುಕೊಂಡಿದ್ರು.

ಹಾಗಂತ ಗ್ಯಾರೇಜಿಗೆ ತೋರಿಸಿರಲಿಲ್ಲ ಅಂತಲ್ಲ. ತೋರಿಸಿದ್ರು. ಗ್ಯಾರೇಜಿನವರು ಕ್ಲಚ್ಚಿನ ಎರಡೂ ಸಿಲಿಂಡರ್ ಹೊಸದು ಹಾಕಿದ್ರು, ಬಿಲ್ ಕೊಟ್ರು. ಸ್ವಲ್ಪ ಉತ್ತಮ ಆಯ್ತು, ಪೂರ್ತಿ ಸರಿ ಆಗಲಿಲ್ಲ. ಆಮೇಲೆ "ಕ್ಲಚ್ ಪ್ಲೇಟೇ ಹೋಗಿದೆ, ಎಂಜಿನ್ ಇಳಿಸಬೇಕು" ಅಂತ ಸಾವಿರ ಪೌಂಡ್ ದಾಟೋ ಎಸ್ಟಿಮೇಟ್ ಕೊಟ್ರು. ಎಂಜಿಬಿಯಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಬೇಕಾದ್ರೆ ಎಂಜಿನ್ ಹೊರಗೆ ತೆಗೀಲೇಬೇಕು, ಆ ಮಾತು ನಿಜ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ತೆಗೆಯೋ ಅಗತ್ಯ ಇದೆಯಾ?

ಮೊದಲು ಕಾರಿನ ಪರಿಚಯ

ನಮ್ಮ ರಸ್ತೆಗಳಲ್ಲಿ ಈಗ ಎಂಟು ಮೂಲೆಯ ಎಂಜಿ ಬ್ಯಾಡ್ಜಿನ ಎಸ್‌ಯುವಿಗಳು ಓಡಾಡ್ತಾವಲ್ಲ, ಆ ಹೆಸರಿನ ಮೂಲ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. ಎಂಜಿಬಿ ಬಂದಿದ್ದು 1962ರಲ್ಲಿ, ನಿಂತಿದ್ದು 1980ರಲ್ಲಿ. ಆಕ್ಸ್‌ಫರ್ಡಿನ ದಕ್ಷಿಣಕ್ಕಿರೋ ಆಬಿಂಗ್‌ಡನ್ ಅನ್ನೋ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗ್ತಿತ್ತು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. 5 ಲಕ್ಷಕ್ಕೂ ಹೆಚ್ಚು ಕಾರುಗಳು ಆಚೆ ಬಂದವು. ಅದಕ್ಕೇ ಇವತ್ತಿಗೂ ಅದರ ಬಿಡಿಭಾಗಗಳು ಇಂಗ್ಲೆಂಡಲ್ಲಿ ಸುಲಭವಾಗಿ ಸಿಗ್ತವೆ.

ಕ್ಲಚ್ ಒತ್ತಿದಾಗ ಏನಾಗುತ್ತೆ?

ಎಂಜಿನ್ ಸದಾ ತಿರುಗ್ತಿರುತ್ತೆ. ಗೇರ್ ಬದಲಾಯಿಸೋವಾಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರೋ ನಂಟನ್ನ ಒಂದು ಕ್ಷಣ ಬಿಡಿಸಬೇಕು. ಆ ಕೆಲಸ ಕ್ಲಚ್ಚಿನದು. ನಮ್ಮ ಬೈಕುಗಳಲ್ಲಿ ಹೆಚ್ಚಾಗಿ ಕೇಬಲ್ ಇರುತ್ತೆ. ಎಂಜಿಬಿಯಲ್ಲಿ ಕೇಬಲ್ ಬದಲು ದ್ರವ.

ಪೆಡಲ್ ಒತ್ತಿದ್ರೆ ಅದಕ್ಕೆ ಪಿನ್ನಿಂದ ಕಟ್ಟಿರೋ ಒಂದು ಕಡ್ಡಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅನ್ನ ತಳ್ಳುತ್ತೆ. ಪಿಸ್ಟನ್ ಬ್ರೇಕ್ ಫ್ಲೂಯಿಡ್ ಅನ್ನ ಪೈಪಿನ ಮೂಲಕ ಕೆಳಗೆ ತಳ್ಳುತ್ತೆ. ಕೆಳಗೆ ಗೇರ್‌ಬಾಕ್ಸಿನ ಪಕ್ಕ ಸ್ಲೇವ್ ಸಿಲಿಂಡರ್ ಇದೆ. ಅದರ ಪಿಸ್ಟನ್ ಹೊರಗೆ ಬಂದು ಇನ್ನೊಂದು ಕಡ್ಡಿಯನ್ನ ತಳ್ಳುತ್ತೆ. ಆ ಕಡ್ಡಿ ಕ್ಲಚ್ ಫೋರ್ಕ್ ಅನ್ನೋ ಸನ್ನೆಯನ್ನ ಎಳೆದಾಡಿಸುತ್ತೆ, ಫೋರ್ಕು ರಿಲೀಸ್ ಬೇರಿಂಗ್ ಅನ್ನ ಒತ್ತುತ್ತೆ, ಕ್ಲಚ್ ಬಿಡುತ್ತೆ.

ಇಲ್ಲಿ ನನ್ನ ಕಾಮರ್ಸ್ ಕಿವಿ ನೆಟ್ಟಗಾಯ್ತು. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 0.75 ಇಂಚು. ಸ್ಲೇವ್‌ನದು 1.25 ಇಂಚು. ಎರಡರ ವ್ಯಾಸವನ್ನೂ ವರ್ಗ ಮಾಡಿ ಭಾಗಿಸಿದ್ರೆ ಸ್ಲೇವ್‌ನ ವಿಸ್ತೀರ್ಣ ಮಾಸ್ಟರ್‌ಗಿಂತ ಸುಮಾರು 2.8 ಪಟ್ಟು. ಅಂದ್ರೆ ಮೇಲೆ ಪಿಸ್ಟನ್ 2.8 ಮಿಲಿಮೀಟರ್ ಹೋದ್ರೆ ಕೆಳಗೆ 1 ಮಿಲಿಮೀಟರ್ ಬರುತ್ತೆ. ಅದಕ್ಕೆ ಬದಲಾಗಿ ಬಲ 2.8 ಪಟ್ಟು ಆಗುತ್ತೆ. ದೂರ ಕೊಟ್ಟು ಬಲ ಕೊಳ್ಳೋ ವ್ಯಾಪಾರ ಇದು. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮ, ಹೈಸ್ಕೂಲಲ್ಲಿ ಎಲ್ಲರೂ ಓದಿ ಮರೆತಿದ್ದು.

ಆರೋಗ್ಯವಾಗಿರೋ ಎಂಜಿಬಿಯಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಸ್ಲೇವ್‌ನ ಕಡ್ಡಿ ಸುಮಾರು ಅರ್ಧ ಇಂಚು, ಅಂದ್ರೆ 12ರಿಂದ 13 ಮಿಲಿಮೀಟರ್ ಚಲಿಸಬೇಕು. ಅಷ್ಟು ಬರಬೇಕಾದ್ರೆ ಮೇಲೆ ಮಾಸ್ಟರ್ ಪಿಸ್ಟನ್ ಸುಮಾರು 35 ಮಿಲಿಮೀಟರ್ ಹೋಗಬೇಕು. ಈ ಎರಡು ಅಂಕಿ ನೆನಪಿಟ್ಕೊಳ್ಳಿ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಟ್ಯಾಲಿ ಆಗದಿದ್ರೆ ಮಧ್ಯೆ ಎಲ್ಲೋ ಸೋರಿಕೆ ಇದೆ.

ರೋಗ ಯಾವುದು? ಜಾರೋದಾ, ಅಂಟೋದಾ?

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಇದನ್ನ ಕೇಳಿಕೊಳ್ಳಿ. ಕ್ಲಚ್ಚಿಗೆ ಮುಖ್ಯವಾಗಿ ಎರಡು ಥರದ ರೋಗ.

ಮೊದಲನೆಯದು ಜಾರೋದು. ಆಕ್ಸಿಲರೇಟರ್ ಕೊಟ್ರೆ ಎಂಜಿನ್ ಕೂಗುತ್ತೆ, ಕಾರು ಓಡಲ್ಲ. ಇದು ಸಾಮಾನ್ಯವಾಗಿ ಸವೆದ ಪ್ಲೇಟಿನ ಲಕ್ಷಣ, ಇಲ್ಲಾಂದ್ರೆ ಪ್ಲೇಟಿಗೆ ಎಣ್ಣೆ ತಾಗಿದೆ ಅಂತ ಅರ್ಥ.

ಎರಡನೆಯದು ಬಿಡದೆ ಅಂಟಿಕೊಳ್ಳೋದು. ಕ್ಲಚ್ ಒತ್ತಿದ್ರೂ ನಂಟು ಪೂರ್ತಿ ಬಿಡಲ್ಲ. ಗೇರ್ ಹಾಕೋವಾಗ ಕರ್‌ರ್ ಅನ್ನುತ್ತೆ, ನಿಂತ ಕಾರು ತೆವಳುತ್ತೆ. ಹೆಚ್ಚಿನ ಸಲ ಇದಕ್ಕೆ ಕಾರಣ ಪೆಡಲಿನ ಚಲನೆ ಕ್ಲಚ್ಚಿನವರೆಗೆ ಪೂರ್ತಿ ತಲುಪದೇ ಇರೋದು.

ಮಾವನ ಕಾರಿಗೆ ಇದ್ದಿದ್ದು ಎರಡನೆಯದು. ಗ್ಯಾರೇಜಿನವರು ಬರೆದುಕೊಟ್ಟಿದ್ದು ಮೊದಲನೆಯದರ ಔಷಧಿ. ಇದನ್ನ ಹೇಳಿದಾಗ ಮಾವ ಕನ್ನಡಕ ತೆಗೆದು ಒರೆಸ್ಕೊಂಡು, "ಅಂದ್ರೆ ಎಕ್ಸ್‌ರೇ ತೆಗೀದೆ ಆಪರೇಷನ್ ಬರ್ದಿದ್ದಾರೆ ಅನ್ನು" ಅಂದ್ರು. ಆವತ್ತು ಸಂಜೆ ಕವರ್ ತೆಗೆದ್ವಿ.

ಐದು ನಿಮಿಷದ ಪರೀಕ್ಷೆಗಳು

ಒಂದು, ರಿವರ್ಸ್ ಪರೀಕ್ಷೆ. ಕಾರಿನ ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಬ್ರೇಕ್ ಹಿಡಿದು, ಎಂಜಿನ್ ನಿಧಾನಕ್ಕೆ ಓಡ್ತಿರೋವಾಗ ಕ್ಲಚ್ ಪೂರ್ತಿ ಒತ್ತಿ. ಹತ್ತರವರೆಗೆ ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಈ ಗೇರ್‌ಬಾಕ್ಸಲ್ಲಿ ರಿವರ್ಸಿಗೆ ಸಿಂಕ್ರೋಮೆಶ್ ಇಲ್ಲ, ಹಾಗಾಗಿ ಅದು ಸುಳ್ಳು ಹೇಳಲ್ಲ. ಹತ್ತು ಸೆಕೆಂಡಾದ್ರೂ ಕರ್‌ರ್ ಅಂದ್ರೆ ಒಳಗಿನ ಶಾಫ್ಟ್ ಇನ್ನೂ ತಿರುಗ್ತಿದೆ, ಕ್ಲಚ್ ಬಿಟ್ಟಿಲ್ಲ. ಮಾವ ಹಾಕಿದ್ರೆ ಕರ್‌ರ್.

ಎರಡು, ಕಾಲು ಬದಲಾಯಿಸಿ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಮಾಡಿದ್ದು. ಡ್ರೈವರ್ ಸೀಟಲ್ಲಿ ನಾನು ಕೂತೆ. ನನ್ನ ಮಂಡಿಗೆ ಯಾವ ಆಪರೇಷನ್ನೂ ಆಗಿಲ್ಲ. ಪೆಡಲ್ ತಳದವರೆಗೆ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿದೆ. ಅದೇ ಕರ್‌ರ್. ಮಾವನ ಮುಖ ನೋಡಿದೆ. ಅವರು ಏನೂ ಮಾತಾಡಲಿಲ್ಲ, ಆದ್ರೆ ಒಳಗೆ ಹೋಗಿ ಹಳೇ ಪ್ಯಾಂಟು ಹಾಕ್ಕೊಂಡು ಬಂದ್ರು.

ಮೂರು, ಪಂಪ್ ಪರೀಕ್ಷೆ. ಪೆಡಲನ್ನ ಬೇಗ ಬೇಗ ಎರಡು ಮೂರು ಸಲ ಒತ್ತಿ ನೋಡಿ. ಆಗ ಗೇರ್ ಸಲೀಸಾಗಿ ಬಿದ್ರೆ ಪೈಪಲ್ಲಿ ಗಾಳಿ ಸೇರಿದೆ ಅನ್ನೋ ಅನುಮಾನ ಬಲವಾಗುತ್ತೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ನೀವು ಒತ್ತಿದ ದೂರದಲ್ಲಿ ಸ್ವಲ್ಪ ಭಾಗವನ್ನ ಗಾಳಿಯೇ ತಿಂದುಬಿಡುತ್ತೆ. ನಮ್ಮಲ್ಲಿ ಪಂಪ್ ಮಾಡಿದಾಗ ಸ್ವಲ್ಪ ಉತ್ತಮ ಆಯ್ತು, ಪೂರ್ತಿ ಅಲ್ಲ. ಈ "ಸ್ವಲ್ಪ" ಅನ್ನೋದನ್ನ ಬರೆದಿಟ್ಕೊಂಡೆ.

ನಾಲ್ಕು, ಒತ್ತಿ ಹಿಡಿಯೋ ಪರೀಕ್ಷೆ. ಪೆಡಲ್ ಒತ್ತಿ ಹಿಡಿದಾಗ ಮೊದಲು ಕ್ಲಚ್ ಬಿಟ್ಟಿದ್ದು, ಕೆಲವು ಸೆಕೆಂಡಾದ ಮೇಲೆ ಮತ್ತೆ ಹಿಡ್ಕೊಂಡ್ರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದಿದೆ. ದ್ರವ ಹೊರಗೆ ಸೋರಲ್ಲ, ಸೀಲಿನ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗುತ್ತೆ. ಡಬ್ಬಿಯ ಮಟ್ಟ ಇಳಿಯಲ್ಲ, ಕಳ್ಳ ಮನೆಯೊಳಗೇ ಇರ್ತಾನೆ. ನಮ್ಮಲ್ಲಿ ಸಿಲಿಂಡರ್ ಹೊಸದು, ಈ ತೊಂದರೆ ಕಾಣಲಿಲ್ಲ.

ಐದು, ಒದ್ದೆ ಹುಡುಕಿ. ಪೆಡಲಿನ ಮೇಲಿಂದ ಕಾರ್ಪೆಟ್ಟಿಗೆ ದ್ರವ ಇಳಿದಿದ್ರೆ ಮಾಸ್ಟರ್ ಸೋರ್ತಿದೆ. ಸ್ಲೇವ್‌ನ ರಬ್ಬರ್ ಟೋಪಿ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಸ್ಲೇವ್ ಸೋರ್ತಿದೆ. ಮಧ್ಯದ ರಬ್ಬರ್ ಹೋಸ್ ಹಿಡಿದು, ಇನ್ನೊಬ್ಬರಿಗೆ ಪೆಡಲ್ ಒತ್ತೋಕೆ ಹೇಳಿ. ಕೈಯಲ್ಲಿ ಉಬ್ಬಿದ ಹಾಗಾದ್ರೆ ಹೋಸ್ ಬದಲಾಯಿಸಿ. ಹಳೇ ಹೋಸ್ ಒಳಗೇ ಮುಚ್ಚಿಕೊಂಡ್ರೆ ಉಲ್ಟಾ ತೊಂದರೆ: ಪೆಡಲ್ ಬಿಟ್ರೂ ದ್ರವ ವಾಪಸ್ ಬರಲ್ಲ, ಕ್ಲಚ್ ಹಿಡಿಯಲ್ಲ. ನಮ್ಮಲ್ಲಿ ಎಲ್ಲಾ ಒಣಗಿತ್ತು, ಹೋಸ್ ಗಟ್ಟಿಯಾಗಿತ್ತು.

ಅಳತೆ: ಇಲ್ಲೇ ಆಡಿಟ್ ಶುರು

ಮಾರನೇ ದಿನ ಕಾರನ್ನ ಜ್ಯಾಕಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದ್ವಿ. ದಯವಿಟ್ಟು ಕೇಳಿ, ಬರೀ ಜ್ಯಾಕಿನ ಮೇಲೆ ನಿಂತಿರೋ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಜ್ಯಾಕ್ ಇರೋದು ಎತ್ತೋಕೆ, ಹೊರೋಕಲ್ಲ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರಕ್ಕೆ ಅಡ್ಡ.

ಮಾವ ಪೆಡಲ್ ಒತ್ತಿದ್ರು. ನಾನು ಕೆಳಗೆ ಮಲಗಿ ಸ್ಲೇವ್‌ನ ಕಡ್ಡಿ ಪಕ್ಕ ಸ್ಕೇಲ್ ಹಿಡಿದೆ. 9 ಮಿಲಿಮೀಟರ್. ಬರಬೇಕಾಗಿದ್ದು 12ರಿಂದ 13. ಮೂರೂವರೆ ಮಿಲಿಮೀಟರಿನಷ್ಟು ಲೆಕ್ಕ ಸಿಗ್ತಿಲ್ಲ.

ಈ ಒಂದು ಅಳತೆಯೇ ಇಡೀ ಕಥೆಯ ತಿರುವು. ಇಲ್ಲಿ 12, 13 ಬಂದಿದ್ದು, ಆಗಲೂ ಗೇರ್ ಕರ್‌ರ್ ಅಂದಿದ್ರೆ, ತೊಂದರೆ ಒಳಗೇ ಇದೆ ಅಂತಾಗ್ತಿತ್ತು. ಸವೆದ ಫೋರ್ಕು, ಬೇರಿಂಗು, ಬಾಗಿದ ಪ್ಲೇಟು. ಆಗ ಎಂಜಿನ್ ಇಳಿಸೋದು ನ್ಯಾಯ. ಆದ್ರೆ 9 ಬಂದಿದೆ ಅಂದ್ರೆ ನಷ್ಟ ಆಗ್ತಿರೋದು ಪೆಡಲಿಗೂ ಸ್ಲೇವ್‌ಗೂ ಮಧ್ಯೆ, ಅಂದ್ರೆ ಎಂಜಿನ್ ಇಳಿಸದೆ ಕೈಗೆ ಸಿಗೋ ಜಾಗದಲ್ಲಿ.

ಗಾಳಿ ತೆಗೆಯೋದು, ಉಲ್ಟಾ ದಾರಿಯಲ್ಲಿ

ಮೊದಲ ಅನುಮಾನ ಗಾಳಿ. ಸಿಲಿಂಡರ್ ಬದಲಾಯಿಸಿದಾಗ ಪೈಪಿಗೆ ಗಾಳಿ ಹೋಗೇ ಹೋಗುತ್ತೆ, ಪೂರ್ತಿ ತೆಗೆಯದಿದ್ರೆ ಅಲ್ಲೇ ಉಳಿಯುತ್ತೆ. ಮಾಮೂಲಿ ವಿಧಾನದಲ್ಲಿ ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಸ್ಲೇವ್‌ನ ನಿಪ್ಪಲ್ ಬಿಚ್ಚಿ ಗಾಳಿ ಬಿಡಬೇಕು. ಆದ್ರೆ ಗುಳ್ಳೆ ಮೇಲಕ್ಕೆ ಹೋಗೋ ಸ್ವಭಾವದ್ದು, ನಾವು ಅದನ್ನ ಕೆಳಕ್ಕೆ ಎಳೀತೀವಿ. ಅದಕ್ಕೇ ಉಲ್ಟಾ ವಿಧಾನ: ಕೆಳಗಿಂದ ದ್ರವ ತಳ್ಳಿ ಗಾಳಿಯನ್ನ ಮೇಲಿನ ಡಬ್ಬಿಯ ಮೂಲಕ ಹೊರಗೆ ಕಳಿಸೋದು.

ಇದಕ್ಕೆ ದೊಡ್ಡ ಸಿರಿಂಜ್ ಬೇಕು. ಡಾಕ್ಟರ ಮನೆಯಲ್ಲಿ ಸಿರಿಂಜಿಗೆ ಬರವೇ? ಮಾವ ಒಂದು ದಪ್ಪ ಸಿರಿಂಜ್ ತಂದ್ರು. ಹೊಸ ಡಾಟ್ 4 ಫ್ಲೂಯಿಡ್ ತುಂಬಿ, ಪಾರದರ್ಶಕ ಟ್ಯೂಬಲ್ಲಿ ಗಾಳಿ ಇಲ್ಲದ ಹಾಗೆ ನೋಡಿಕೊಂಡು, ನಿಪ್ಪಲಿಗೆ ಸಿಕ್ಕಿಸಿ, ಅರ್ಧ ಸುತ್ತು ಬಿಚ್ಚಿ, ನಿಧಾನಕ್ಕೆ ತಳ್ಳಿದ್ರು. "ಇಷ್ಟು ವರ್ಷ ಇದನ್ನೇ ಮಾಡಿದ್ದು" ಅಂತ ನಗು ಬೇರೆ. ಮೇಲೆ ಡಬ್ಬಿಯಲ್ಲಿ ಗುಳುಗುಳು ಅಂತ ಗುಳ್ಳೆ ಬಂತು.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ಕೆಳಗಿಂದ ತಳ್ಳಿದ್ರೆ ಮೇಲಿನ ಡಬ್ಬಿ ತುಂಬುತ್ತೆ, ಹಾಗಾಗಿ ಮೊದಲೇ ಅದರಿಂದ ಸ್ವಲ್ಪ ಫ್ಲೂಯಿಡ್ ತೆಗೆದಿಡಬೇಕು. ಅದು ನನ್ನ ಕೆಲಸ. ಮರೆತೆ. ಉಕ್ಕಿ ಪೇಂಟಿನ ಮೇಲೆ ಬಿತ್ತು. ಬ್ರೇಕ್ ಫ್ಲೂಯಿಡ್ ಪೇಂಟನ್ನ ತಿನ್ನುತ್ತೆ, ಬಿದ್ದ ಕೂಡಲೇ ನೀರು ಸುರಿದು ತೊಳೀಬೇಕು. ನಾನು ಬಟ್ಟೆ ಹುಡುಕ್ತಾ ನಿಂತೆ. ಬಾನೆಟ್ ಎತ್ತಿದ್ರೆ ಇವತ್ತಿಗೂ ಅಲ್ಲೊಂದು ಅಂಗೈ ಅಗಲದ ಕಲೆ ಇದೆ. ಮಾವ ಅದಕ್ಕೆ ನನ್ನ ಹೆಸರಿಟ್ಟಿದ್ದಾರೆ.

ಫ್ಲೂಯಿಡ್ ಬಗ್ಗೆ ಒಂದೇ ಮಾತು. ಡಾಟ್ 4 ಗಾಳಿಯಲ್ಲಿರೋ ತೇವವನ್ನ ಹೀರಿಕೊಳ್ಳುತ್ತೆ, ಅದಕ್ಕೇ ಎರಡು ವರ್ಷಕ್ಕೊಮ್ಮೆಯಾದ್ರೂ ಬದಲಾಯಿಸಬೇಕು. ಡಾಟ್ 5 ಅನ್ನೋದು ಸಿಲಿಕಾನ್, ಅದನ್ನ ಇದಕ್ಕೆ ಬೆರೆಸಬಾರದು. ಡಾಟ್ 5.1 ಹೆಸರು ಹತ್ತಿರ ಇದ್ರೂ ಡಾಟ್ 4ರ ಜಾತಿಗೇ ಸೇರಿದ್ದು. ಡಬ್ಬದ ಮೇಲಿನ ಆ ಒಂದು ಚುಕ್ಕೆ ನೋಡಿ ತಗೊಳ್ಳಿ.

ಮತ್ತೆ ಅಳತೆ: 11 ಮಿಲಿಮೀಟರ್. ಎರಡು ವಾಪಸ್ ಬಂತು. ನಾನು ಕುಣಿದಾಡಿದೆ. ಮಾವ ಮಾತ್ರ "ಇನ್ನೂ ಒಂದೂವರೆ ಬಾಕಿ ಇದೆಯಲ್ಲ, ನಿನ್ನ ಆಡಿಟರ್ ಇದಕ್ಕೆ ಸಹಿ ಹಾಕ್ತಾರಾ?" ಅಂದ್ರು. ರಿವರ್ಸ್ ಹಾಕಿ ನೋಡಿದ್ವಿ. ಸದ್ದು ಕಮ್ಮಿ, ಆದ್ರೆ ಇತ್ತು.

ಯಾರೂ ನೋಡದ ಪಿನ್

ಹೈಡ್ರಾಲಿಕ್ ತೊಂದರೆ ಅಂದ ಕೂಡಲೇ ಎಲ್ಲರ ಕಣ್ಣು ಸಿಲಿಂಡರು, ಪೈಪು, ಫ್ಲೂಯಿಡ್ ಮೇಲೆ ಹೋಗುತ್ತೆ. ಆದ್ರೆ ದ್ರವ ಶುರುವಾಗೋಕೆ ಮೊದಲೇ ಒಂದು ಕೊಂಡಿ ಇದೆ. ಪೆಡಲಿನ ತೂತಿಗೂ ಮಾಸ್ಟರ್ ಸಿಲಿಂಡರಿನ ಕಡ್ಡಿಗೂ ಸೇರಿಸಿ ಹಾಕಿರೋ ಕ್ಲೆವಿಸ್ ಪಿನ್. ನಮ್ಮ ಕಿರುಬೆರಳಿಗಿಂತ ಸಣ್ಣದು. ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಪೂರ್ತಿ ಬಲ ಅದರ ಮೇಲೇ. 50 ವರ್ಷ ಒಂದೇ ಕಡೆಗೆ ಒತ್ತಿಸಿಕೊಂಡ್ರೆ ಕಬ್ಬಿಣವಾದ್ರೂ ಸವೆಯದೇ ಇರುತ್ತಾ? ಹಳೇ ಎಂಜಿಬಿಗಳಲ್ಲಿ ಇದು ಮಾಮೂಲಿ ರೋಗ.

ನೋಡೋದು ಸುಲಭ. ಬಾನೆಟ್ ಒಳಗೆ ಡ್ರೈವರ್ ಕಡೆ ಪೆಡಲ್ ಬಾಕ್ಸ್ ಇದೆ, ಅದರ ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದ್ರೆ ಪಿನ್ ಕಾಣುತ್ತೆ. ಇನ್ನೂ ಸುಲಭದ ದಾರಿ: ಕ್ಲಚ್ ಪೆಡಲನ್ನ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿ. ಬಲ ಹತ್ತೋಕೆ ಮೊದಲು ಪೆಡಲ್ ಸುಮ್ಮನೆ ಎಷ್ಟು ದೂರ ಹೋಗುತ್ತೆ ನೋಡಿ. ಚೂರು ಸಡಿಲ ಇರಬೇಕು, ಇಲ್ಲದಿದ್ರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ. ಆದ್ರೆ ನಮ್ಮ ಪೆಡಲ್ ಎರಡು ಬೆರಳಿನಷ್ಟು ದೂರ ಖಾಲಿ ಹೋಗ್ತಿತ್ತು.

ಪಿನ್ನಿನ ಕೊನೆಯಲ್ಲಿದ್ದ ಸ್ಪ್ಲಿಟ್ ಪಿನ್ ಎಳೆದು ಹೊರಗೆ ತೆಗೆದೆ. ದುಂಡಗಿರಬೇಕಾದ ಪಿನ್ ನಡುವೆ ಕಚ್ಚಿದ ಕಬ್ಬಿನ ಜಲ್ಲೆ ಹಾಗೆ ಮೆಟ್ಟಿಲಾಗಿತ್ತು. ಪೆಡಲಿನ ತೂತು ಮೊಟ್ಟೆಯಾಕಾರ ಆಗಿತ್ತು. ಪಿನ್ನಿನ ಸವೆತ, ತೂತಿನ ಸವೆತ ಸೇರಿ ಒಟ್ಟು 4 ಮಿಲಿಮೀಟರ್.

ಈಗ ಲೆಕ್ಕ ಹಾಕಿ. ಮಾಸ್ಟರ್ ಹತ್ತಿರ 4 ಮಿಲಿಮೀಟರ್ ಹೋದ್ರೆ ಸ್ಲೇವ್ ಹತ್ತಿರ ಎಷ್ಟು ಹೋಗುತ್ತೆ? 4 ಭಾಗಿಸು 2.8. ಸುಮಾರು 1.4. ಕಾಣೆಯಾಗಿದ್ದ ಒಂದೂವರೆ ಮಿಲಿಮೀಟರ್ ಅಲ್ಲೇ ಕೂತಿತ್ತು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗ ಆಗೋ ಖುಷಿ ಕಾಮರ್ಸ್ ಓದಿದವರಿಗೆ ಗೊತ್ತು. ಗ್ರೀಸ್ ಮೆತ್ತಿದ ಕೈಯಲ್ಲಿ ಫೋನ್ ಕ್ಯಾಲ್ಕುಲೇಟರ್ ಹಿಡಿದು ಮಾವನಿಗೆ ತೋರಿಸಿದೆ.

ಹೊಸ ಪಿನ್ನಿಗೆ ಕೆಲವೇ ಪೌಂಡು. ಆದ್ರೆ ಮೊಟ್ಟೆಯಾಕಾರದ ತೂತಿಗೆ ಹೊಸ ಪಿನ್ ಹಾಕಿದ್ರೆ ಅರ್ಧ ರೋಗ ಹಾಗೇ ಉಳಿಯುತ್ತೆ. ಪೆಡಲ್ ಬಿಚ್ಚಿ, ಹತ್ತಿರದ ವೆಲ್ಡಿಂಗ್ ಶಾಪಲ್ಲಿ ತೂತು ತುಂಬಿಸಿ, ಸರಿಯಾದ ಅಳತೆಗೆ ಮತ್ತೆ ಕೊರೆಸಿದ್ವಿ. ಸ್ಲೇವ್ ಕಡ್ಡಿ ಫೋರ್ಕಿಗೆ ಸೇರೋ ಕಡೆಯೂ ಇಂಥದೇ ಪಿನ್ ಇದೆ, ಅದನ್ನೂ ಬದಲಾಯಿಸಿದ್ವಿ.

ಕೊನೆಯ ಅಳತೆ: 12.5 ಮಿಲಿಮೀಟರ್.

ಮಾವ ಮತ್ತೆ ಸೀಟಿಗೆ

ಸ್ಟ್ಯಾಂಡಿಂದ ಇಳಿಸಿದ ಮೇಲೆ ಕೀ ಅವರ ಕೈಗೆ ಕೊಟ್ಟೆ. ಅವರು ಕ್ಲಚ್ ಒತ್ತಿದ್ರು, ಹತ್ತರವರೆಗೆ ಕನ್ನಡದಲ್ಲೇ ಎಣಿಸಿದ್ರು, ರಿವರ್ಸ್ ಹಾಕಿದ್ರು. ಸದ್ದೇ ಇಲ್ಲ. ಗೇರ್ ಬಿತ್ತೋ ಇಲ್ವೋ ಅಂತ ಅನುಮಾನ ಬಂದು ಮತ್ತೆ ತೆಗೆದು ಹಾಕಿದ್ರು. ಎಡಗಾಲಿನ ಮಂಡಿ ಮೇಲೆ ಒಂದು ಸಲ ಕೈ ಇಟ್ಟುಕೊಂಡು, "ಪಾಪ, ಇದರ ಮೇಲೆ ಸುಮ್ಮನೆ ಕೇಸ್ ಹಾಕಿದ್ದೆ" ಅಂದ್ರು. ಆ ಸಂಜೆ ಆಬಿಂಗ್‌ಡನ್‌ವರೆಗೆ ಹೋಗಿ ಥೇಮ್ಸ್ ನದಿ ಪಕ್ಕ ಟೀ ಕುಡಿದು ಬಂದ್ವಿ. ದಾರಿಯಲ್ಲಿ ಆ ಜೀಬ್ರಾ ಕ್ರಾಸಿಂಗ್ ಸಿಕ್ತು. ಅಲ್ಲಿ ಯಾರೂ ಇರಲಿಲ್ಲ, ಆದ್ರೂ ಕಾರು ನಿಲ್ಲಿಸಿದ್ರು, ಗೇರ್ ನ್ಯೂಟ್ರಲ್ ಮಾಡಿ ಕ್ಲಚ್ಚಿಂದ ಕಾಲು ತೆಗೆದ್ರು. ಅದು ಒಳ್ಳೇ ಅಭ್ಯಾಸ ಕೂಡ. ಎಂಜಿಬಿಯ ರಿಲೀಸ್ ಬೇರಿಂಗು ಗ್ರಾಫೈಟಿನದು. ಸಿಗ್ನಲಲ್ಲಿ ಕ್ಲಚ್ ಒತ್ತಿ ಹಿಡಿದಷ್ಟೂ ಅದು ಸವೆಯುತ್ತೆ.

ನಿಮ್ಮ ಮನೆಯಲ್ಲಿ ಎಂಜಿಬಿ ಇರಲಿಕ್ಕಿಲ್ಲ. ಆದ್ರೆ ನಮ್ಮಲ್ಲಿ ಓಡೋ ಎಷ್ಟೋ ಕಾರುಗಳ ಕ್ಲಚ್ ಹೈಡ್ರಾಲಿಕ್ಕೇ. ಕೆಲವದರಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇರೋದ್ರಿಂದ ಹೀಗೆ ಮಲಗಿ ಸ್ಕೇಲ್ ಹಿಡಿಯೋಕಾಗಲ್ಲ. ಪ್ರಶ್ನೆ ಕೇಳೋಕಂತೂ ಆಗುತ್ತೆ. ಮೆಕ್ಯಾನಿಕ್ "ಕ್ಲಚ್ ಹೋಗಿದೆ" ಅಂದಾಗ ಮೂರು ವಿಷಯ ಕೇಳಿ. ಜಾರ್ತಿದೆಯಾ, ಬಿಡ್ತಿಲ್ವಾ? ಗಾಳಿ ತೆಗೆದು ನೋಡಿದ್ರಾ? ಪೆಡಲಿನ ಕೊಂಡಿ, ಪಿನ್ನು ನೋಡಿದ್ರಾ? ಒಳ್ಳೇ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಜಾರು ಮಾಡ್ಕೊಳ್ಳಲ್ಲ, ಕರೆದು ತೋರಿಸ್ತಾರೆ. ಮತ್ತೆ ನಿಂತ ಕಾರು ತಾನಾಗೇ ತೆವಳೋಕೆ ಶುರು ಮಾಡಿದ್ರೆ "ಇನ್ನೊಂದು ವಾರ ನೋಡೋಣ" ಅನ್ನಬೇಡಿ. ಕ್ಲಚ್ ಕೈಕೊಟ್ಟಾಗ ಬ್ರೇಕ್ ಮೇಲೆ ಕಾಲು ಇಲ್ಲದಿದ್ರೆ ಮುಂದೆ ನಿಂತವರ ಗತಿ ಏನು ಅಂತ ಯೋಚಿಸಿ.

ಮೆಟ್ಟಿಲಾದ ಆ ಹಳೇ ಪಿನ್ ಈಗ ನನ್ನ ಮೈಕ್ ಪಕ್ಕದಲ್ಲೇ ಇದೆ. ಮುಂದಿನ ವಾರ ಮತ್ತೆ ನಮ್ಮ ಹಳೇ ಜಾಗಕ್ಕೆ ಬರೋಣ, ಸೆಕೆಂಡ್ ಹ್ಯಾಂಡ್ ಕಾರಿಗೆ ಸಾಲ ತಗೋಬೇಕಾ ಬೇಡ್ವಾ ಅನ್ನೋ ಲೆಕ್ಕ. ಅಲ್ಲಿವರೆಗೆ ಹುಷಾರಾಗಿ ಓಡಿಸಿ. ನಮಸ್ಕಾರ.